ಮಾಳವ್ವ ಎಣಿಸಿದ ನರಿಗಳು

ಭೂಮಿ ಇನ್ನೂ ಹಸಿಯಾಗಿದ್ದ ಕಾಲ ಅದು. ಯಾವ ಬೆಟ್ಟ ಎಲ್ಲಿ ಕೂರಬೇಕೆಂದು ಪೂರ್ತಿ ತೀರ್ಮಾನವಾಗಿರಲಿಲ್ಲ. ಕೆಲವು ಬೆಟ್ಟಗಳು ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಕೂತು ನೋಡುತ್ತಿದ್ದವು. ಹಳ್ಳಗಳಿಗೂ ದಾರಿ ಗೊತ್ತಿರಲಿಲ್ಲ. ಹೋಗಿ ಹೋಗಿ ಬಂಡೆಗೆ ಹಣೆ ಬಡಿಸಿಕೊಂಡು, "ಅಯ್ಯೋ, ಇಲ್ಲಲ್ಲ" ಎಂದು ತಿರುಗಿ ಬರುತ್ತಿದ್ದವು.

ಆಗ ಮಾತುಗಳೂ ಹೊಸವು. ಈಗಿನ ಹಾಗೆ ಆಡಿ ಆಡಿ ಸವೆದಿರಲಿಲ್ಲ. ಈಗ ನಿಮ್ಮಮ್ಮ ಹತ್ತು ಸಲ "ಬಾ" ಎಂದು ಕರೆದರೂ ನೀನು ಕೂತಲ್ಲಿಂದ ಕದಲುವುದಿಲ್ಲ. ಆಗ ಹಾಗಲ್ಲ. ಬಾ ಎಂದರೆ ಬರಲೇಬೇಕು. ಹೋಗು ಎಂದರೆ ಹೋಗಲೇಬೇಕು. ಮಳೆಗೆ "ನಿಲ್ಲು" ಎಂದರೆ ಹನಿಗಳು ಇದ್ದಲ್ಲೇ ನೇತಾಡಿಕೊಂಡು ನಿಲ್ಲುತ್ತಿದ್ದವು. ಅದಕ್ಕೇ ಜನ ಬಹಳ ಹುಷಾರಾಗಿ ಬಾಯಿ ಬಿಡುತ್ತಿದ್ದರು.

ಎಣಿಸುವಾಗಂತೂ ಇನ್ನೂ ಹುಷಾರು. ಉಸಿರಾಡುವ ಯಾವುದನ್ನೂ ಬೆರಳು ಮಾಡಿ ಎಣಿಸುತ್ತಿರಲಿಲ್ಲ. ಎಣಿಸಿದ್ದು ಕರಗುತ್ತದೆ ಎಂದು ಹಿರಿಯರು ಹೇಳಿದ್ದರು. ಹಾಗಾಗಿ ಕುರಿ ಕಾಯುವವರಿಗೆ ತಮ್ಮ ಕುರಿ ಎಷ್ಟು ಎಂದು ಗೊತ್ತಿರಲಿಲ್ಲ, ಆದರೆ ಪ್ರತಿಯೊಂದರ ಮುಖವೂ ಗೊತ್ತಿತ್ತು.

ಜೋಳ ಅಳೆಯುವಾಗ ಎಣಿಸಬಹುದಿತ್ತು. ಅದಕ್ಕೂ ಒಂದು ಕ್ರಮ. ಮೊದಲ ಸೇರಿಗೆ "ಒಂದು" ಎನ್ನದೆ "ಲಾಭ" ಎನ್ನಬೇಕು. ಆಮೇಲೆ ಎರಡು, ಮೂರು, ನಾಲ್ಕು, ಐದು, ಆರು. ಆರಾದ ಮೇಲೆ ಬರುವುದರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. "ಮತ್ತೊಂದು" ಎಂದು, ನೇರ ಎಂಟಕ್ಕೆ ಹೋಗಿಬಿಡುತ್ತಿದ್ದರು.

ಯಾಕೆ ಎಂದರೆ, ಅದರ ಹೆಸರು ಏಳು. ಏಳು ಎಂದರೆ ಏಳಬೇಕಲ್ಲ!

ಒಮ್ಮೆ ಕರೆಪ್ಪಜ್ಜ ಎಂಬ ಮುದುಕ ಆಕಳಿಸುತ್ತಾ ಜೋಳ ಅಳೆಯುವಾಗ ಬಾಯಿ ತಪ್ಪಿ "ಏಳು" ಎಂದುಬಿಟ್ಟ. ಜೋಳದ ರಾಶಿ ಎದ್ದಿತು. ಕೋಳಿ ಎದ್ದಿತು. ಒಲೆಯ ಮೇಲಿನ ಅಂಬಲಿ ಎದ್ದು ಗಡಿಗೆ ದಾಟಿ ಬಂತು. ಮೂಲೆಯಲ್ಲಿ ಮಲಗಿದ್ದ ಮುದಿ ಎತ್ತು ಎದ್ದದ್ದು ಎರಡು ದಿನ ಮಲಗಲೇ ಇಲ್ಲವಂತೆ. ಅಜ್ಜನ ರುಮಾಲು ಯಾವ ಕಡೆ ಹೋಯಿತೋ ಇವತ್ತಿಗೂ ಪತ್ತೆಯಿಲ್ಲ.

ಆ ಕಾಲದಲ್ಲಿ, ಕರಿಗುಡ್ಡದ ಬುಡದ ಒಂದು ಹಟ್ಟಿಯಲ್ಲಿ ಮಾಳವ್ವ ಇದ್ದಳು. ಗಂಡ ಕಂಬಳಿಗಳನ್ನು ಹೊತ್ತು ಊರೂರು ತಿರುಗಲು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಕುರಿಹಿಂಡೆಲ್ಲ ಮಾಳವ್ವನ ಮೇಲೆ. ಜೊತೆಗೆ ಅತ್ತೆ ಸೋಮವ್ವ. ಅತ್ತೆಗೆ ಮೊಣಕಾಲು ನೋವು, ಕೋಲಿಲ್ಲದೆ ಏಳಲಾರಳು. ಮಾಳವ್ವ ಕೈ ಬಿಚ್ಚಿ ಕೊಡುವವಳು, ಕೆಲಸಕ್ಕೆ ಗಟ್ಟಿ. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು.

ಗುಡ್ಡದ ಮೇಲೆ ಒಂದು ನರಿಯ ಸಂಸಾರ ಇತ್ತು. ಆಗೆಲ್ಲ ಒಂದು ಗುಡ್ಡಕ್ಕೆ ಒಂದೇ ನರಿಮನೆ. ಅದರಲ್ಲೂ ತಾಯಿ ಮಾತ್ರ ಹೆರುತ್ತಿದ್ದಳು, ವರ್ಷಕ್ಕೆ ಒಂದೇ ಮರಿ. ಹೆಣ್ಣುಮಕ್ಕಳು ಬೆಳೆದು ದೊಡ್ಡವರಾದರೂ ತಮ್ಮ ತಂಗಿಯರನ್ನು ಆಡಿಸಿಕೊಂಡು ಅವ್ವನ ಜೊತೆಯೇ ಇರುತ್ತಿದ್ದರು. ಮತ್ತೆ ನರಿಗೆ ಆಗ ಕೂಗು ಇರಲಿಲ್ಲ. ಮೆಲ್ಲಗೆ, ಪಕ್ಕದ ಮನೆಯವರು ಬೆಂಕಿ ಕೇಳಲು ಬಂದ ಹಾಗೆ ಮಾತಾಡುತ್ತಿತ್ತು.

ತಾಯಿನರಿ ಮಾಳವ್ವನನ್ನು ಅಕ್ಕಾ ಎನ್ನುತ್ತಿದ್ದಳು. ಮಾಳವ್ವ ಅವಳನ್ನು ತಂಗೀ ಎನ್ನುತ್ತಿದ್ದಳು.

ಅವರಿಬ್ಬರ ನಡುವೆ ಒಂದು ಒಪ್ಪಂದ ಆಗಿತ್ತು. ಅದು ಆದದ್ದು ಬಹಳ ಅವಸರದಲ್ಲಿ. ಮಾಳವ್ವ ಈಯುತ್ತಿದ್ದ ಕುರಿಯ ಮುಂದೆ ಕೂತಿದ್ದಳು. ಕೈಯೆಲ್ಲ ಒದ್ದೆ. ಆಗ ನರಿ ಬಂದು ಕೇಳಿದಳು.

"ಅಕ್ಕಾ, ಹಿಂಡಿನಾಗ ನಮಗೂ ಏನರೆ ಪಾಲು ಐತೇನು?"

"ಬಿದ್ದದ್ದು ನಿಂದು, ನಿಂತದ್ದು ನಂದು. ಈಗ ಹೋಗು, ನನಗ ಪುರಸೊತ್ತಿಲ್ಲ," ಎಂದಳು ಮಾಳವ್ವ.

ಪಕ್ಕದಲ್ಲೇ ಹರಿಯುತ್ತಿದ್ದ ಹಳ್ಳ ಇದನ್ನು ಕೇಳಿಸಿಕೊಂಡಿತು. "ಮಾಳವ್ವಾ, ಸ್ವಲ್ಪ ಬಿಡಿಸಿ ಹೇಳಬಾರ್ದ?"

"ಮೊದಲ ನಿನಗ ನೆಟ್ಟಗ ಹರಿಯಾಕ ಬರತೈತೇನು?" ಎಂದಳು ಮಾಳವ್ವ. ಹಳ್ಳಕ್ಕೆ ಬೇಜಾರಾಗಿ ಎಡಕ್ಕೆ ತಿರುಗಿತು. ಆ ತಿರುವು ಅಲ್ಲಿ ಇನ್ನೂ ಇದೆ.

ಒಪ್ಪಂದ ಅವಸರದ್ದಾದರೂ ಬಹಳ ದಿನ ಚೆನ್ನಾಗಿಯೇ ನಡೆಯಿತು. ಕುರಿ ಈದ ಮೇಲೆ ಬಿದ್ದ ಮಾಸು ನರಿಗೆ. ರೋಗ ಬಂದು ಬಿದ್ದ ಕುರಿ ನರಿಗೆ. ನಿಂತದ್ದನ್ನು ನರಿ ಮೂಸಿಯೂ ನೋಡುತ್ತಿರಲಿಲ್ಲ. ಹೊಲದ ಇಲಿ ಹೆಗ್ಗಣಗಳನ್ನು ತಿಂದು ಮುಗಿಸುತ್ತಿತ್ತು. ತೋಳ ಬಂದ ದಿನ ಗಂಡುನರಿ ಓಡಿ ಬಂದು ಮಾಳವ್ವನ ಕಂಬಳಿಯ ತುದಿ ಹಿಡಿದು ಎಳೆಯುತ್ತಿತ್ತು. ಬಿದ್ದದ್ದು ನಿನ್ನದು, ನಿಂತದ್ದು ನನ್ನದು. ಎಷ್ಟು ಸುಲಭ!

ಒಂದು ವರ್ಷ ಒಂದು ಕುರಿ ಮರಿ ಹಾಕಿ ಸತ್ತಿತು. ಕುರಿ ಬಿದ್ದದ್ದು, ನರಿಗೆ ಹೋಯಿತು. ಮರಿ ನಡುಗುವ ಕಾಲಿನ ಮೇಲೆ ನಿಂತಿತ್ತು, ಮಾಳವ್ವನಿಗೆ ಉಳಿಯಿತು. ಅದಕ್ಕೆ ಮುತ್ತಿ ಎಂದು ಹೆಸರಿಟ್ಟಳು. ಬೇರೆ ಕುರಿಯ ಹಾಲಿನಲ್ಲಿ ಬಟ್ಟೆ ಅದ್ದಿ, ಅದರ ತುದಿಯನ್ನು ಮುತ್ತಿಯ ಬಾಯಿಗಿಟ್ಟು ಕುಡಿಸಿದಳು. ಮಾಳವ್ವ ನೀರಿಗೆ ಹೋದರೆ ಮುತ್ತಿ ಹಿಂದೆ. ಸೌದೆಗೆ ಹೋದರೆ ಮುತ್ತಿ ಹಿಂದೆ. ಮಲಗಿದರೆ ಕಂಬಳಿಯ ಒಳಗೆ ಮುತ್ತಿ. "ಸೊಸಿ ಕುರಿಮರಿ ಹಡದಾಳ," ಎಂದು ಸೋಮವ್ವ ನಗುತ್ತಿದ್ದಳು.

ಒಂದು ಮಧ್ಯಾಹ್ನ ಮಾಳವ್ವ ಬಟ್ಟೆ ಒಗೆಯಲು ಹಳ್ಳಕ್ಕೆ ಇಳಿದಳು. ಮುತ್ತಿ ಹೊಟ್ಟೆ ತುಂಬ ಕುಡಿದು ದಡದ ಹುಲ್ಲಿನಲ್ಲಿ ಮಲಗಿತ್ತು. ಮರಿಗಳು ಮಲಗುವುದನ್ನು ನೀನು ನೋಡಿದ್ದೀಯಲ್ಲ, ನಾಲ್ಕು ಕಾಲೂ ಚಾಚಿ, ಕತ್ತು ಒಂದು ಕಡೆ ಚೆಲ್ಲಿ, ಉಸಿರಿದೆಯೋ ಇಲ್ಲವೋ ಎನ್ನುವ ಹಾಗೆ. ಅದೇ ಹೊತ್ತಿಗೆ ನರಿಯ ಕೊನೆಯ ಮಗಳು ಆ ದಾರಿಯಲ್ಲಿ ಬಂದಳು. ಹೋದ ವರ್ಷ ಹುಟ್ಟಿದವಳು. ಅವಳಿಗೆ ಅವ್ವ ಕಲಿಸಿದ್ದು ಒಂದೇ ಪಾಠ: ಬಿದ್ದದ್ದು ನಮ್ಮದು, ನಿಂತದ್ದು ಅವರದು. ಅವಳು ಮರಿಯ ಸುತ್ತ ಒಂದು ಸಲ ತಿರುಗಿ ನೋಡಿದಳು. ನಿಂತಿಲ್ಲ. ಹಾಗಾದರೆ ಬಿದ್ದದ್ದೇ.

ಮಾಳವ್ವ ಬಟ್ಟೆ ಹಿಂಡಿಕೊಂಡು ಮೇಲೆ ಬಂದಾಗ ಹುಲ್ಲಿನ ಮೇಲೆ ಒಂದು ಹಿಡಿ ಉಣ್ಣೆ ಇತ್ತು. ಅಷ್ಟೇ.

ಸಂಜೆಯಾಗುವ ಮುಂಚೆಯೇ ತಾಯಿನರಿ ತಾನಾಗಿ ಹಟ್ಟಿಗೆ ಬಂದಳು. ತಲೆ ತಗ್ಗಿಸಿ ಅಂಗಳದಾಚೆ ನಿಂತಳು.

"ತಪ್ಪಾಗೇತಿ ಅಕ್ಕಾ."

"ಅದು ಮಲ್ಕೊಂಡಿತ್ತು!" ಮಾಳವ್ವ ಕಿರುಚಿದಳು. "ಬಿದ್ದಿರ್ಲಿಲ್ಲ, ಮಲ್ಕೊಂಡಿತ್ತು!"

"ಹೌದು ಅಕ್ಕಾ. ನನ್ನ ಮಗಳು ಸಣ್ಣಾಕಿ, ಆಕಿಗೆ ಎರಡಕ್ಕೂ ಫರಕು ತಿಳೀಲಿಲ್ಲ. ನೀ ಹೇಳಿದ್ದು ಎರಡ ಮಾತು. ಬಿದ್ದದ್ದು, ನಿಂತದ್ದು. ಮಲಗಿದ್ದಕ್ಕ ಮಾತ ಇರ್ಲಿಲ್ಲ. ಈಗರೆ ಬಿಡಿಸಿ ಹೇಳ್ತಿಯೇನು? 'ಮಲಗಿದ್ದೂ ನಂದ' ಅಂತ ನೀ ಒಂದ ಮಾತು ಅಂದ್ರ ಸಾಕು. ಇನ್ನ ಮ್ಯಾಲೆ ನನ್ನ ಕುಲದಾಗ ಯಾರೂ ಮುಟ್ಟಾಂಗಿಲ್ಲ."

ನೋಡು, ಒಂದೇ ಮಾತು. ಆಗಿನ ಮಾತು ಎಂದರೆ ಮಾತೇ. ಮಾಳವ್ವ ಅದನ್ನು ಹೇಳಿಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನಾವೂ ಬೇರೆ ಕೆಲಸ ನೋಡಬಹುದಿತ್ತು.

ಮಾಳವ್ವ ಹೇಳಲಿಲ್ಲ. ಅವಳ ಮುಷ್ಟಿಯಲ್ಲಿ ಆ ಉಣ್ಣೆ ಇತ್ತು.

"ನಿನ್ನ ಕುಲಾನ ಇರಬಾರ್ದು, ಹಂಗ ಮಾಡ್ತೀನಿ. ನಡಿ ಇಲ್ಲಿಂದ," ಎಂದಳು.

ನರಿ ನಡೆದಳು. ನಡಿ ಎಂದರೆ ನಡೆಯಬೇಕಲ್ಲ.

ಮಾಳವ್ವ ಆಡಿನ ಕೂದಲು ಹೊಸೆದು ಒಂದು ಉರುಲು ಮಾಡಿದಳು. ಅಲ್ಲಿಯವರೆಗೆ ಲೋಕದಲ್ಲಿ ಉರುಲು ಎನ್ನುವುದೇ ಇರಲಿಲ್ಲ. ಅದನ್ನು ನರಿಗಳು ನೀರಿಗೆ ಬರುವ ದಾರಿಯಲ್ಲಿ ಕಟ್ಟಿದಳು. ಬೆಳಗ್ಗೆ ನೋಡಿದರೆ ಗಂಡುನರಿ ಸಿಕ್ಕಿ ಸತ್ತಿತ್ತು, ತೋಳ ಬಂದಾಗ ಕಂಬಳಿ ಎಳೆಯುತ್ತಿದ್ದ ಅದೇ ನರಿ. ಅದು ಉರುಲನ್ನು ಕಂಡದ್ದೇ ಇಲ್ಲ, ಹೆದರಬೇಕೆಂದು ಅದಕ್ಕೆ ಹೇಗೆ ತಿಳಿಯಬೇಕು? ಮಾಳವ್ವ ಉರುಲು ಬಿಚ್ಚಲು ಕೈ ಚಾಚಿ ಹಿಂದೆ ತೆಗೆದಳು. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಒಂದೊಂದೇ ಹಿಡಿಯುತ್ತ ಕೂತರೆ ಮುಗಿಯುವುದು ಯಾವಾಗ, ಎಂದು ಯೋಚಿಸಿದಳು. ಆಗ ಅವಳಿಗೆ ಹಿರಿಯರ ಮಾತು ನೆನಪಾಯಿತು. ಎಣಿಸಿದ್ದು ಕರಗುತ್ತದೆ. ಕುರಿಯನ್ನು ಎಣಿಸಬಾರದು, ಸರಿ. ನರಿಯನ್ನು ಎಣಿಸಬಾರದೆಂದು ಯಾರು ಹೇಳಿದ್ದಾರೆ?

"ಎಣಸ್ತೀನಿ. ಎಲ್ಲಾನೂ ಎಣಸ್ತೀನಿ. ಉಪ್ಪು ಕರಗಿದಂಗ ಕರಗಿ ಹೋಗ್ಲಿ," ಎಂದಳು.

ಸೋಮವ್ವ ಕೂತಲ್ಲಿಂದಲೇ ಕೈ ಎತ್ತಿದಳು. "ಬ್ಯಾಡ ಮಾಳವ್ವಾ. ಸಿಟ್ಟಿನಾಗ ಕೊಯ್ದ ಮೂಗು ಆಮ್ಯಾಲೆ ಬರಾಂಗಿಲ್ಲ. ಎಣಸಲೇಬೇಕಂದ್ರ ಆರಾದ ಮ್ಯಾಲೆ ನಾಲಿಗಿ ಜ್ವಾಕಿ."

"ನನಗೇನು ತಿಳಿಯಂಗಿಲ್ಲೇನು?" ಎಂದು ಮಾಳವ್ವ ಗುಡ್ಡ ಹತ್ತಿದಳು.

ಹೊತ್ತು ಇಳಿಯುತ್ತಿತ್ತು. ಗುಡ್ಡದ ನೆತ್ತಿಯ ಹಾಸುಬಂಡೆಯ ಮೇಲೆ ನರಿಗಳು ಒಂದೊಂದಾಗಿ ಬಂದು ಕೂತವು. ಅಪ್ಪ ಇಲ್ಲದ ಮೊದಲ ಸಂಜೆ ಅದು. ಮಾಳವ್ವ ಎದುರಿನ ಕಲ್ಲಿನ ಮೇಲೆ ನಿಂತು ಬೆರಳು ಚಾಚಿದಳು.

ಮೊದಲನೆಯದಕ್ಕೆ "ಲಾಭ" ಎನ್ನಲಿಲ್ಲ. ಇವುಗಳಿಗೆ ಯಾಕೆ ಲಾಭ? ಬೇಕೆಂದೇ "ಒಂದು" ಎಂದಳು.

"ಎರಡು. ಮೂರು. ನಾಕು. ಐದು. ಆರು."

ಕೊನೆಗೆ ತಾಯಿನರಿ ಬಂದಳು. ಬಂಡೆಯ ತುದಿಯಲ್ಲಿ ನಿಂತು ಮಾಳವ್ವನನ್ನೇ ನೋಡಿದಳು.

ಮಾಳವ್ವ ಬಾಯಿ ತೆರೆದಳು. "ಮತ್ತೊಂದು" ಎನ್ನಬೇಕು. ಆದರೆ ಅನ್ನಲು ಮನಸ್ಸು ಒಪ್ಪಲಿಲ್ಲ. ಮತ್ತೊಂದು ಎಂದರೆ ಇನ್ನೂ ಒಂದು ಆಗಲಿ ಎಂದಲ್ಲವೇ? ನನ್ನ ಮುತ್ತಿಯನ್ನು ತಿಂದವರಿಗೆ ಮತ್ತೊಂದಾಗಲಿ ಎಂದು ನಾನೇ ಹರಸಲೇ? ಸಾಯಲಿ! ಅವಳು ಹಲ್ಲು ಕಚ್ಚಿದಳು. ತಂಗಿಯ ಕಡೆ ಬೆರಳು ಮಾಡಿ, ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ಅಂದಳು:

"ಏಳು!"

ಗುಡ್ಡದ ಧೂಳೆಲ್ಲ ಎದ್ದಿತು. ಬಾಗಿದ ಹುಲ್ಲು ಎದ್ದಿತು. ಪೊದೆಯೊಳಗಿನ ಗೌಜಲಹಕ್ಕಿಗಳು ಬರ್ರೆಂದು ಎದ್ದವು. ಕೆಳಗೆ ದೊಡ್ಡಿಯಲ್ಲಿ ಕುರಿಗಳೆಲ್ಲ ಒಟ್ಟಿಗೇ ಎದ್ದು ನಿಂತವು. ಹನ್ನೆರಡು ವರ್ಷದಿಂದ ಕೋಲಿಲ್ಲದೆ ಏಳದ ಸೋಮವ್ವ ದಡಕ್ಕನೆ ಎದ್ದು, "ಯಾರವ್ವಾ ನನ್ನ ಎಬಿಸಿದ್ದು?" ಎಂದು ಗಾಬರಿಯಾದಳು.

ನರಿಯ ನಾಲ್ಕು ಹೆಣ್ಣುಮಕ್ಕಳು ಬಂಡೆಯ ಮೇಲೆ ತಟಕ್ಕನೆ ನಿಂತವು. ಇಲ್ಲಿಯವರೆಗೆ ಅವುಗಳ ಹೊಟ್ಟೆಯಲ್ಲಿ ಮರಿಗಳೆಲ್ಲ ನಿದ್ದೆಯಲ್ಲೇ ಇದ್ದವು. ಏಳಲು ಯಾರೂ ಹೇಳಿರಲಿಲ್ಲ. ಈಗ ಹೇಳಿದ್ದರು.

ಸತ್ತದ್ದು ಮಾತ್ರ ಏಳಲಿಲ್ಲ. ಹೊಸ ಲೋಕದಲ್ಲೂ ಸತ್ತದ್ದು ಏಳುತ್ತಿರಲಿಲ್ಲ.

ಮಾಳವ್ವನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವಳು ಗುಡ್ಡ ಇಳಿದು ಹಳ್ಳದ ದಡಕ್ಕೆ ಓಡಿದಳು. ಮುತ್ತಿ ಮಲಗಿದ್ದ ಹುಲ್ಲಿನ ಮೇಲೆ ಮುಷ್ಟಿಯ ಉಣ್ಣೆ ಇಟ್ಟು, "ಏಳು," ಎಂದಳು. "ಏಳು ನನ್ನವ್ವಾ, ಏಳು." ಉಣ್ಣೆ ಗಾಳಿಗೆ ಸ್ವಲ್ಪ ಅಲುಗಿತು.

ಆಗ ಅವಳಿಗೆ ಅದೇ ಮಾತು ಇನ್ನೊಂದು ಕಡೆಯಿಂದ ಕೇಳಿಸಿತು. ತಿರುಗಿ ನೋಡಿದರೆ, ನೀರಿನ ದಾರಿಯಲ್ಲಿ ತಾಯಿನರಿ ಗಂಡನ ಪಕ್ಕದಲ್ಲಿ ಕೂತಿದ್ದಳು. ಉರುಲು ಅವನ ಕತ್ತಿನಲ್ಲಿ ಹಾಗೇ ಇತ್ತು. ಅವನ ಕಿವಿಯ ಹತ್ತಿರ ಮೂತಿಯಿಟ್ಟು, ಈಗಷ್ಟೇ ಕಲಿತ ಮಾತನ್ನು ಆಡುತ್ತಿದ್ದಳು. "ಏಳು. ಏಳು."

ಇಬ್ಬರ ನಡುವೆ ಇದ್ದದ್ದು ಹತ್ತು ಹೆಜ್ಜೆ. ಮಾಳವ್ವ ಹತ್ತು ಹೆಜ್ಜೆ ನಡೆದು ಹೋಗಿ ಆ ಉರುಲನ್ನು ಬಿಚ್ಚಬಹುದಿತ್ತು. ನಡೆಯಲಿಲ್ಲ. ಯಾಕೆ ನಡೆಯಲಿಲ್ಲ ಎಂದು ಆಮೇಲೆ ಸಾಯುವವರೆಗೂ ತನ್ನನ್ನೇ ಕೇಳಿಕೊಂಡಳು. ಉಣ್ಣೆ ಎತ್ತಿಕೊಂಡು ಹಟ್ಟಿಗೆ ಬಂದುಬಿಟ್ಟಳು.

ಮಳೆಗಾಲ ಬಂತು, ಹೋಯಿತು. ಒಂದು ದಿನ ಮಾಳವ್ವ ಸೌದೆಗೆಂದು ಗುಡ್ಡಕ್ಕೆ ಹೋದರೆ ಒಂದು ಬಿಲದ ಮುಂದೆ ಐದು ಮರಿ ಆಡುತ್ತಿದ್ದವು. ಇನ್ನೊಂದು ಬಿಲದ ಮುಂದೆ ನಾಲ್ಕು. ಆಚೆ ಇನ್ನೂ ಎರಡು ಬಿಲ.

"ಗಾಳಿಯಣ್ಣಾ, ಎಣಿಸಿದ್ದು ಕರಗಬೇಕಿತ್ತಲ್ಲ?" ಎಂದು ಕೇಳಿದಳು.

"ಕರಗ್ತಿತ್ತೋ ಏನೋ," ಎಂದಿತು ಗಾಳಿ. "ಆದ್ರ ಎಣಿಸಿ ಎಬಿಸಿದ್ಯಲ್ಲ ತಾಯಿ. ನೀ ಅಂದದ್ದನ್ನ ಎಲ್ಲಾ ಬಿಲಕ್ಕೂ ಮುಟ್ಟಿಸಿ ಬಂದಾಂವ ನಾನ."

ಇಷ್ಟಾದ ಮೇಲಾದರೂ ನಿಲ್ಲಿಸಬೇಕೋ ಬೇಡವೋ? ಮಾಳವ್ವ ನಿಲ್ಲಿಸಲಿಲ್ಲ. ತಪ್ಪು ಮಾಡಿದವರಿಗೆ ಅದೊಂದು ಚಟ, ತಪ್ಪನ್ನು ಇನ್ನಷ್ಟು ಜೋರಾಗಿ ಮಾಡಿದರೆ ಸರಿಯಾಗಬಹುದು ಎಂದುಕೊಳ್ಳುತ್ತಾರೆ. ಅವಳು ಇನ್ನೂ ಹತ್ತು ಉರುಲು ಹೊಸೆದಳು.

ಮೂರು ನರಿ ಸಿಕ್ಕವು. ಅವತ್ತು ಸಂಜೆ ತಾಯಿನರಿ ಹಾಸುಬಂಡೆ ಹತ್ತಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. ಇದ್ದವರು ಇದ್ದಲ್ಲಿಂದ "ಓ" ಎಂದರು. ಮೂರು ಹೆಸರಿಗೆ ಯಾರೂ ಓಗೊಡಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಹೆಣ್ಣುಮಕ್ಕಳ ಬಿಲಗಳ ಕಡೆ ತಿರುಗಿ ಕತ್ತೆತ್ತಿ ಕೂಗಿದಳು, "ಏಳೂ!"

ಆ ವರ್ಷ ಮೂರು ಹೋದ ಜಾಗಕ್ಕೆ ಆರು ಎದ್ದವು.

ಮಾಳವ್ವ ಪೊದೆಗೆ ಬೆಂಕಿ ಇಟ್ಟಳು. ಬಂಡೆಯ ಮೇಲಿಂದ ಕೂಗು ಬಂತು, "ಏಳೂ!" ಹನ್ನೆರಡು ಎದ್ದವು. ಮಾಳವ್ವ ನಾಯಿಗಳನ್ನು ಬಿಟ್ಟಳು. ನರಿಗಳು ಚದುರಿ ಪಕ್ಕದ ಗುಡ್ಡಕ್ಕೆ ಹೋದವು, ನರಿಯೇ ಇಲ್ಲದ ಬಯಲಿಗೆ ಹೋದವು, ಹಳ್ಳದ ಜೊಂಡಿನೊಳಗೆ ಹೊಕ್ಕವು. ಕುರಿ ಸಿಗದಿದ್ದರೆ ಏಡಿ ತಿಂದವು. ಏಡಿ ಸಿಗದಿದ್ದರೆ ಬಾರಿಹಣ್ಣು ತಿಂದವು. ಹೋದ ಹೋದಲ್ಲೆಲ್ಲ ಸಂಜೆಗೊಂದು ಕಲ್ಲು ಹತ್ತಿ ಹೆಸರು ಹಿಡಿದು ಕರೆದವು. ಓಗೊಡದ ಹೆಸರು ಸಿಕ್ಕಾಗೆಲ್ಲ ಕತ್ತೆತ್ತಿ ಕೂಗಿದವು.

ಕೂಗಿ ಕೂಗಿ ಗಂಟಲು ಕಟ್ಟಿತು. ಮಾತು ಸವೆಯಿತು. ಏಳೂ ಎನ್ನುವುದರ ಮುಂದಿನ ತುದಿ ಉದುರಿ ಹೋಗಿ ಊಳೂ ಆಯಿತು. ಆಮೇಲೆ ಬರೀ ಊಊ ಉಳಿಯಿತು. ಕೇಳಿದ ಜನ, "ನರಿ ಊಳಿಡಾಕ ಹತ್ತೇತಿ," ಎಂದರು. ಊಳು ಎನ್ನುವ ಮಾತು ಹುಟ್ಟಿದ್ದು ಹಾಗೆ. ಅದು ನಮ್ಮ ಬಾಯಿಂದಲೇ ಹೋದದ್ದು ಎಂದು ಯಾರಿಗೂ ನೆನಪಿಲ್ಲ.

ವರ್ಷಗಳು ಕಳೆದವು. ಸೋಮವ್ವ ಹೋದಳು. ಮಾಳವ್ವನ ತಲೆ ಬಿಳಿಯಾಯಿತು. ಸುತ್ತಲಿನ ಹಟ್ಟಿಯವರೆಲ್ಲ ಅವಳಿಂದಲೇ ಉರುಲು ಹೊಸೆಯುವುದನ್ನು ಕಲಿತರು.

ಒಂದು ಬೇಸಗೆ ಹಳ್ಳವೆಲ್ಲ ಬತ್ತಿ, ತಿರುವಿನಲ್ಲಿ ಒಂದೇ ಒಂದು ಗುಂಡಿ ನೀರು ಉಳಿಯಿತು. ಮಾಳವ್ವ ಕೊಡ ತಂದಳು. ಆಚೆ ದಡದಲ್ಲಿ ಒಂದು ಮುದಿ ನರಿ ನೀರು ಕುಡಿಯುತ್ತಿತ್ತು. ಮೂತಿಯೆಲ್ಲ ಬೆಳ್ಳಗಾಗಿತ್ತು. ಆದರೂ ಕುರಿ ಕಾಯುವವಳಿಗೆ ಮುಖ ಮರೆಯುತ್ತದೆಯೇ?

"ತಂಗೀ," ಎಂದಳು ಮಾಳವ್ವ. ಎಷ್ಟೋ ವರ್ಷದಿಂದ ಆಡದ ಮಾತು.

"ಏನಕ್ಕಾ," ಎಂದಳು ನರಿ.

"ಸಾಕು ಮಾಡು. ಇನ್ನ ಎಬಿಸಬ್ಯಾಡ. ನನ್ನ ಕೈ ಸೋತಾವು."

"ನನಗರೆ ಹಡೆದು ಹಡೆದು ಬೆಳೆಸೋದು ಹಬ್ಬೇನು? ನೀ ಉರುಲು ತೆಗಿ. ಕರದವರೆಲ್ಲ ಓ ಅಂದ್ರ ನಾ ಯಾಕ ಎಬಿಸ್ಲಿ? ಮೊದಲ ನಾವು ಎಷ್ಟ ಇದ್ವಿ, ನಿನಗ ನೆನಪಿಲ್ಲೇನು?"

ನೆನಪಿತ್ತು. ಎಂಟು. ಇಡೀ ಗುಡ್ಡಕ್ಕೆ ಎಂಟೇ ಎಂಟು.

"ಮುತ್ತೀನ ನಾ ಎಷ್ಟ ಪ್ರೀತಿಲೆ ಸಾಕಿದ್ದೆ, ನಿನಗ ಗೊತ್ತಿಲ್ಲ," ಎಂದಳು ಮಾಳವ್ವ.

"ಗೊತ್ತೈತಿ. ನಾ ಅವತ್ತ ನಿನ್ನ ದನಿ ಕೇಳೀನಿ," ಎಂದಳು ನರಿ. "ನೀನೂ ನನ್ನ ದನಿ ಕೇಳಿದ್ದಿ."

ಮಾಳವ್ವ ಕೊಡವನ್ನು ಅರ್ಧವೇ ತುಂಬಿಕೊಂಡಳು. ಉಳಿದ ನೀರನ್ನು ತಂಗಿಗೆ ಬಿಟ್ಟು ಹೋದಳು.

ಅಂದೇ ತನ್ನ ಉರುಲುಗಳನ್ನೆಲ್ಲ ಬಿಚ್ಚಿ ಒಲೆಗೆ ಹಾಕಿದಳು. ಮರುದಿನದಿಂದ ಹಟ್ಟಿ ಹಟ್ಟಿಗೆ ಹೋದಳು. "ಬಿಟ್ಟುಬಿಡ್ರಪ್ಪಾ. ಕೊಂದಷ್ಟೂ ಹೆಚ್ಚತಾವು. ಬಿಟ್ರ ತಾವ ಕಮ್ಮಿ ಆಗ್ತಾವು." ಯಾರು ಕೇಳುತ್ತಾರೆ? ಕೆಳಗಿನ ಹಟ್ಟಿಯ ಬೀರಪ್ಪ ಉರುಲು ಹೊಸೆಯುತ್ತಲೇ ನಕ್ಕ.

"ದೊಡ್ಡವ್ವಾ, ಇದರ ಗಂಟು ಹಾಕೋದು ನನಗ ಕಲಿಸಿದಾಕಿ ನೀನ. ಆವಾಗ ನಾಕು ನರಿ ಇದ್ದೂ, ಹಿಡಿ ಅಂದಿ. ಈಗ ನಾನೂರು ಅದಾವು, ಬಿಡು ಅಂತೀ. ಅರವತ್ತಕ್ಕ ಅರಳುಮರಳು ಅನ್ನೋದು ಸುಳ್ಳಲ್ಲ."

ಮಾತುಗಳೂ ಅಷ್ಟು ಹೊತ್ತಿಗೆ ಸವೆದು ಹೋಗಿದ್ದವು. ಬಿಡು ಎಂದರೆ ಬಿಡಲೇಬೇಕು ಎನ್ನುವ ಕಾಲ ಮುಗಿದಿತ್ತು. ಮಾಳವ್ವ ಬರಿಗೈಯಲ್ಲಿ ಮನೆಗೆ ಬಂದಳು.

ಆಮೇಲಿಂದ ಅವಳು ದಿನಾ ಹೊತ್ತಿಳಿಯುವಾಗ ಹಟ್ಟಿಯ ಮುಂದೆ ಕೂತು ಗುಡ್ಡದ ಕಡೆ ಕಿವಿ ಕೊಡುತ್ತಿದ್ದಳು. ತಂಗಿ ಕರೆಯುವುದು, ಮಕ್ಕಳು ಓಗೊಡುವುದು. ಅವಳಿಗೆ ಆ ಹೆಸರುಗಳೆಲ್ಲ ಬಾಯಿಪಾಠವಾದವು.

ಒಂದು ಸಂಜೆ ಬಂಡೆಯ ಮೇಲಿಂದ ಬೇರೆ ದನಿ ಬಂತು. ಎಳೆಯ ದನಿ. ಅದು ಒಂದೊಂದೇ ಹೆಸರು ಕರೆಯಿತು. ಓ ಬಂತು. ಇನ್ನೊಂದು ಕರೆಯಿತು. ಓ ಬಂತು. ಕೊನೆಗೆ ಅದು "ಅವ್ವಾ" ಎಂದು ಕರೆಯಿತು.

ಓ ಬರಲಿಲ್ಲ.

"ಅವ್ವಾ."

ಮಾಳವ್ವ ಎದ್ದು ನಿಂತಳು. ಬೀರಪ್ಪನ ಹಟ್ಟಿಯ ಕಡೆ ನೋಡಿದಳು. ಅವನ ಕೈಯ ಗಂಟು ಅವಳ ಕಣ್ಣ ಮುಂದೆ ಬಂತು, ಅವಳೇ ಕಲಿಸಿದ ಗಂಟು. ಬಂಡೆಯ ಮೇಲಿನ ನರಿ ಮೂರನೆಯ ಸಲ "ಅವ್ವಾ" ಎಂದು ಕರೆದು ಕಾಯತೊಡಗಿತು. ಇನ್ನು ಕತ್ತೆತ್ತುವುದೊಂದೇ ಬಾಕಿ.

"ಓ," ಎಂದಳು ಮಾಳವ್ವ.

ಮರಿಗಳು ಮತ್ತೆ ಹೆಚ್ಚಾಗದಿರಲಿ ಎಂದು ಹಾಗೆ ಅಂದಳೋ, ತಂಗಿ ಇಲ್ಲ ಎನ್ನುವುದನ್ನು ಕೇಳಲಾರದೆ ಅಂದಳೋ, ಅವಳಿಗೇ ತಿಳಿಯಲಿಲ್ಲ. ಮುದುಕಿಯ ಒಡೆದ ದನಿ ಬಯಲು ದಾಟಿ ಗುಡ್ಡ ಹತ್ತಿತು. ಬಂಡೆಯ ಮೇಲಿನ ನರಿ ಕಿವಿ ನಿಮಿರಿಸಿ ಬಹಳ ಹೊತ್ತು ಹಟ್ಟಿಯ ಕಡೆ ನೋಡಿತು. ಆ ಸಂಜೆ ಊಳಿಡದೆ ಕೆಳಗೆ ಇಳಿದು ಹೋಯಿತು.

ಅಂದಿನಿಂದ ಮಾಳವ್ವ ದಿನಾ ಓಗೊಟ್ಟಳು. ಯಾರ ಹೆಸರಿಗೆ ದನಿ ಬರಲಿಲ್ಲವೋ ಅವರ ಪಾಲಿನ ಓ ಅವಳದು. ಹಟ್ಟಿಯವರು ಮುದುಕಿಗೆ ಹುಚ್ಚು ಎಂದರು. ಆದರೆ ಅವಳು ಇದ್ದಷ್ಟು ವರ್ಷ ಕರಿಗುಡ್ಡದಲ್ಲಿ ಮರಿಗಳು ಹೆಚ್ಚಾಗಲಿಲ್ಲ. ಕುರಿಮರಿಗಳೂ ಬಿಸಿಲಿನಲ್ಲಿ ಕಾಲು ಚಾಚಿ ನಿದ್ದೆ ಮಾಡಿದವು.

ಆಮೇಲೆ ಮಾಳವ್ವನೂ ಹೋದಳು. ನರಿಗಳಿಗೆ ಯಾರು ಹೇಳಬೇಕು?

ಅದಕ್ಕೇ ಮಗೂ, ಇವತ್ತಿಗೂ ಹೊತ್ತು ಮುಳುಗುವಾಗ ನರಿ ಊರಿನ ಅಂಚಿಗೆ ಬಂದು, ನಮ್ಮ ಮನೆಗಳ ಕಡೆಗೇ ಮುಖ ಮಾಡಿ ಒಂದು ಸಲ ಕೂಗಿ ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತು ಕಾಯುತ್ತದೆ. ನಾವು ಯಾರೂ ಓ ಎನ್ನದೆ ಬಾಗಿಲು ಹಾಕಿಕೊಂಡ ಮೇಲೆ, ಒಂದರ ಹಿಂದೆ ಒಂದು, ನೂರಾರು ನರಿಗಳು ಊಳಿಡುತ್ತವೆ.